ಅರವತ್ತರಲ್ಲಿ ಬಣ್ಣ ಹಚ್ಚಿದ ನಾಯಕ

ಹಾಲಿವುಡ್ಡಿನ ಹಳೆಯ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆಲ್ಲ ‘ರೆಡ್ ಇಂಡಿಯನ್ನರು’ ಗೊತ್ತು. ತಲೆಗೆ ಗರಿ ಸಿಕ್ಕಿಸಿಕೊಂಡು, ಕೇಕೆ ಹಾಕುತ್ತ ಕುದುರೆಯೇರಿ ಬಂದು, ಗುಂಡೇಟಿಗೆ ಉರುಳುವವರು. ಅವರಲ್ಲಿ ಮಾತಿರುವ ದೊಡ್ಡ ಪಾತ್ರವೇನಾದರೂ ಇದ್ದರೆ ಅದು ಹೆಚ್ಚಾಗಿ ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯ ನಟನ ಪಾಲಿಗೆ. ಈ ಪದ್ಧತಿಗೆ ಬಲವಾದ ಪೆಟ್ಟು ಕೊಟ್ಟವರು ಕೆನಡಾದ ಚೀಫ್ ಡಾನ್ ಜಾರ್ಜ್. ಅದೂ ಎಲ್ಲರೂ ನಿವೃತ್ತರಾಗುವ ವಯಸ್ಸಿನಲ್ಲಿ.

ವ್ಯಾಂಕೂವರ್ ಬಂದರಿನ ಉತ್ತರ ದಂಡೆಯಲ್ಲಿ ನೆಲೆಸಿದ ಸ್ಲೇ-ವಾಟುತ್ ಬುಡಕಟ್ಟಿನಲ್ಲಿ 1899ರಲ್ಲಿ ಹುಟ್ಟಿದಾಗ ಅವರ ಹೆಸರು ಗೆಸ್ವನೂತ್ ಸ್ಲಹೂಟ್. ಐದನೆಯ ವಯಸ್ಸಿಗೆ ಮಿಷನ್ ವಸತಿ ಶಾಲೆಗೆ ಸೇರಿಸಲಾಯಿತು. ಅಲ್ಲಿ ತಾಯ್ನುಡಿಗೆ ನಿಷೇಧ. ‘ಜಾರ್ಜ್’ ಎಂಬ ಹೆಸರು ಅಂಟಿಕೊಂಡದ್ದೂ ಅಲ್ಲೇ. ಮುಂದೆ ಸುಮಾರು 27 ವರ್ಷ ಬಂದರಿನಲ್ಲಿ ಹಡಗುಗಳಿಗೆ ಸರಕು ತುಂಬಿದರು. 1947ರಲ್ಲಿ ಮರದ ಹೊರೆ ಬಡಿದು ಆ ಕೆಲಸವೂ ತಪ್ಪಿತು. 1951ರಿಂದ 1963ರವರೆಗೆ ಬುಡಕಟ್ಟಿನ ಮುಖ್ಯಸ್ಥರಾಗಿದ್ದರು. ಹೆಸರಿನ ಮುಂದಿನ ‘ಚೀಫ್’ ಸಿನಿಮಾದವರು ಕೊಟ್ಟ ಬಿರುದಲ್ಲ.

ನಟನೆ ಆಕಸ್ಮಿಕ. ಸಿಬಿಸಿ ದೂರದರ್ಶನದ ‘ಕ್ಯಾರಿಬೂ ಕಂಟ್ರಿ’ ಧಾರಾವಾಹಿಯಲ್ಲಿ ಮುದುಕ ಆಂಟ್ವಾನ್‌ನ ಪಾತ್ರ ಮಾಡಬೇಕಿದ್ದ ಬಿಳಿಯ ನಟ ಕಾಯಿಲೆ ಬಿದ್ದರು. ಅದೇ ಧಾರಾವಾಹಿಯಲ್ಲಿ ನಟಿಸುತ್ತಿದ್ದ ಮಗ ‘ನಮ್ಮಪ್ಪನನ್ನು ಕರೆಸಿ’ ಎಂದು ಸೂಚಿಸಿದ. ಅಪ್ಪನಿಗೆ ಆಗ ಅರವತ್ತು.

1967 ಕೆನಡಾ ಒಕ್ಕೂಟದ ಶತಮಾನೋತ್ಸವದ ವರ್ಷ. ವ್ಯಾಂಕೂವರ್ ಕ್ರೀಡಾಂಗಣದಲ್ಲಿ ಸುಮಾರು 32,000 ಜನ ಸಂಭ್ರಮಿಸಲು ನೆರೆದಿದ್ದರು. ಅಲ್ಲಿ ಜಾರ್ಜ್ ಓದಿದ್ದು ಶುಭಾಶಯವನ್ನಲ್ಲ, ಶೋಕಗೀತೆಯನ್ನು. ನಿಮ್ಮ ಈ ನೂರು ವರ್ಷಗಳಲ್ಲಿ ನಾವು ಕಾಡು, ನದಿ, ಮೀನು ಎಲ್ಲವನ್ನೂ ಕಳೆದುಕೊಂಡೆವು ಎಂಬುದು ಅದರ ತಿರುಳು. ಹುಟ್ಟುಹಬ್ಬದ ಮನೆಯಲ್ಲಿ ಹೀಗೆ ಮಾತಾಡಲು ಎಂಟೆದೆ ಬೇಕು. ಅದೇ ವರ್ಷ ಜಾರ್ಜ್ ರೈಗಾ ಅವರ ‘ದಿ ಎಕ್ಸ್ಟಸಿ ಆಫ್ ರೀಟಾ ಜೋ’ ನಾಟಕದಲ್ಲಿ, ನಗರ ಸೇರಿ ನಾಶವಾಗುವ ಹುಡುಗಿಯ ತಂದೆಯಾಗಿ ರಂಗವೇರಿದರು.

ಜಗತ್ತು ಗುರುತಿಸಿದ್ದು 1970ರಲ್ಲಿ. ಆರ್ಥರ್ ಪೆನ್ ನಿರ್ದೇಶನದ ‘ಲಿಟ್ಲ್ ಬಿಗ್ ಮ್ಯಾನ್’ನಲ್ಲಿ ಡಸ್ಟಿನ್ ಹಾಫ್‌ಮನ್ ಪಾತ್ರವನ್ನು ಸಾಕುವ ಶೆಯೆನ್ ಅಜ್ಜ ಇವರು. ಕೊನೆಯಲ್ಲಿ ಈ ಅಜ್ಜ ಸಾಯಲು ನಿರ್ಧರಿಸಿ ಬೆಟ್ಟವೇರುತ್ತಾನೆ, ದೇವರನ್ನು ನೆನೆದು ನೆಲದ ಮೇಲೆ ಮಲಗುತ್ತಾನೆ. ಸಾವು ಬರುವುದಿಲ್ಲ, ಮಳೆ ಬರುತ್ತದೆ. ಮುಖದ ಮೇಲೆ ಹನಿ ಬಿದ್ದೊಡನೆ ಕಣ್ಣು ಪಿಳುಕಿಸಿ ಎದ್ದು ಮನೆಯ ದಾರಿ ಹಿಡಿಯುತ್ತಾನೆ. ಮೂಲ ಕಾದಂಬರಿಯಲ್ಲಿ ಅವನು ಸಾಯುತ್ತಾನೆ, ಸಿನಿಮಾ ಬದುಕಿಸಿತು. ಗಾಂಭೀರ್ಯವೇ ಮೈವೆತ್ತ ‘ಇಂಡಿಯನ್’ ಮುದುಕನೂ ನಗಿಸಬಲ್ಲ ಎಂದು ಪ್ರೇಕ್ಷಕರಿಗೆ ತಿಳಿದದ್ದು ಬಹುಶಃ ಆಗಲೇ. ನ್ಯೂಯಾರ್ಕ್ ವಿಮರ್ಶಕರ ಪ್ರಶಸ್ತಿ ಬಂತು. ಪೋಷಕ ನಟನ ವಿಭಾಗದಲ್ಲಿ ಆಸ್ಕರ್‌ಗೆ ನಾಮಕರಣಗೊಂಡರು. ಉತ್ತರ ಅಮೆರಿಕದ ಮೂಲನಿವಾಸಿ ನಟನಿಗೆ ಆ ಗೌರವ ಅದೇ ಮೊದಲು. ಪ್ರಶಸ್ತಿ ಮಾತ್ರ ಬ್ರಿಟನ್ನಿನ ಜಾನ್ ಮಿಲ್ಸ್ ಪಾಲಾಯಿತು.

ತನ್ನ ಜನರನ್ನು ಹೀನಾಯವಾಗಿ ತೋರಿಸುವ ಪಾತ್ರ ಬಂದರೆ ಜಾರ್ಜ್ ಒಪ್ಪುತ್ತಿರಲಿಲ್ಲ. 1976ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಜತೆ ‘ದಿ ಔಟ್‌ಲಾ ಜೋಸಿ ವೇಲ್ಸ್’ನಲ್ಲಿ ಉದ್ದ ಕೋಟು, ಎತ್ತರದ ಟೊಪ್ಪಿಗೆಯ ಚೆರೊಕಿ ಮುದುಕನಾಗಿ ಮತ್ತೆ ನಗಿಸಿದರು.

1981ರ ಸೆಪ್ಟೆಂಬರ್ 23ರಂದು, 82ನೆಯ ವಯಸ್ಸಿನಲ್ಲಿ ತೀರಿಕೊಂಡರು. 2008ರಲ್ಲಿ ಕೆನಡಾ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಅದೇ ವರ್ಷ ಜೂನ್ 11ರಂದು ದೇಶದ ಪ್ರಧಾನಿ ಸಂಸತ್ತಿನಲ್ಲಿ ಎದ್ದು ನಿಂತು, ವಸತಿ ಶಾಲೆಗಳಿಗಾಗಿ ಮೂಲನಿವಾಸಿಗಳ ಕ್ಷಮೆ ಕೇಳಿದರು.