ಬಾಯ್ನ್ ನದಿಯ ಹಾಯ್ಗಡ

ಐರ್ಲೆಂಡಿನ ಮೀತ್ ಪ್ರಾಂತದಲ್ಲಿ, ಹುಲ್ಲುಗಾವಲುಗಳ ನಡುವೆ ಮಂದಗತಿಯಿಂದ ಹರಿಯುವ ಬಾಯ್ನ್ ನದಿಯ ಎರಡು ದಡಗಳನ್ನೂ ಆಶ್ರಯಿಸಿ ಬೆಳೆದ ಟ್ರಿಮ್ ಎಂಬ ಸಣ್ಣ ಪಟ್ಟಣಕ್ಕೆ ಹೆಸರೂ ಬಾಳೂ ದೊರೆತದ್ದು ಒಂದು ಹಾಯ್ಗಡದಿಂದ. ಎಲ್ಡರ್ ಎಂಬ ಬಿಳಿಹೂವಿನ ಮರಗಳ ಹಾಯ್ಗಡದ ಊರೆಂದೇ ಐರಿಷ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ. ನೀರಿಗಿಳಿದು ದಾಟುವ ಕಾಲ ಎಂದೋ ಕಳೆಯಿತು. 14ನೆಯ ಶತಮಾನದ ಕಲ್ಲುಸೇತುವೆಯೊಂದು ಇಂದಿಗೂ ಊರವರನ್ನು ದಾಟಿಸುತ್ತಿದೆ.

ಹೊಳೆಯ ದಾರಿಯನ್ನು ಹಿಡಿದವನಿಗೆ ನಾಡು ವಶವಾಗುವುದೆಂಬುದನ್ನು ನಾರ್ಮನ್ನರು ಚೆನ್ನಾಗಿ ಬಲ್ಲವರಾಗಿದ್ದರು. 1172ರಲ್ಲಿ ಇಂಗ್ಲೆಂಡಿನ ಎರಡನೆಯ ಹೆನ್ರಿಯಿಂದ ಮೀತ್ ಸೀಮೆಯನ್ನು ಪಡೆದ ಹ್ಯೂ ಡಿ ಲೇಸಿ ಇಲ್ಲಿ ಕಟ್ಟಿಸಿದ ಮರದ ಕೋಟೆಯು, ಐರಿಷ್ ದೊರೆ ರೋರಿ ಓಕಾನರನು ದಂಡೆತ್ತಿ ಬಂದ ಕಾಲದಲ್ಲಿ ನಾಶವಾಗಲು, ಅದರ ಸ್ಥಾನದಲ್ಲಿ ಶಿಲುಬೆಯ ಆಕಾರದ, 20 ಮೂಲೆಗಳುಳ್ಳ ಶಿಲಾಸೌಧವು ಸುಮಾರು 30 ವರ್ಷಗಳಲ್ಲಿ ಹಂತಹಂತವಾಗಿ ಮೇಲೆದ್ದಿತು. ತಂದೆ ಆರಂಭಿಸಿದುದನ್ನು ಮಗ ವಾಲ್ಟರನು ಮುಗಿಸಿದನು. ಐರ್ಲೆಂಡಿನ ನಾರ್ಮನ್ ಕೋಟೆಗಳಲ್ಲೆಲ್ಲ ದೊಡ್ಡದೆನಿಸಿದ ಅದು ಈಗಲೂ ನಿಂತಿದೆ.

ಊರೊಳಗೆ 1817ರಲ್ಲಿ ಎತ್ತಿದ ಸ್ತಂಭವೊಂದಿದೆ. ಅದರ ತುದಿಯಲ್ಲಿರುವ ಪ್ರತಿಮೆ ಡ್ಯೂಕ್ ಆಫ್ ವೆಲಿಂಗ್ಟನ್ನನದು. 1790ರಲ್ಲಿ ಇದೇ ಟ್ರಿಮ್ಮಿನ ಪ್ರತಿನಿಧಿಯಾಗಿ ಐರಿಷ್ ಸಂಸತ್ತಿಗೆ ಹೋದ ಆ ಆರ್ಥರ್ ವೆಲ್ಲೆಸ್ಲಿಯೇ 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣದ ಆಡಳಿತವನ್ನು ವಹಿಸಿಕೊಂಡು, ಕಾವೇರಿಯ ದಡದ ದರಿಯಾ ದೌಲತ್ತಿನಲ್ಲಿ ವಾಸಿಸಿದವನು. ಆ ಸ್ತಂಭವನ್ನು ನಾವು ಬರಿಯ ಕುತೂಹಲದಿಂದ ನೋಡುವುದು ಸಾಧ್ಯವಿಲ್ಲ.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಕೋಟೆಗೆ ಎದುರಾಗಿ ಆಚೆಯ ದಡದಲ್ಲಿ ನಿಂತ ಹಳದಿ ಗೋಪುರ. ಸಂಜೆಯ ಬಿಸಿಲಿಗೆ ಹೊಂಬಣ್ಣ ತಾಳುವ ಇದು ಅಗಸ್ಟೀನಿಯನ್ ಮಠವೊಂದರ ಗಂಟೆಗೋಪುರ. ರೋಗಿಗಳೂ ಆರ್ತರೂ ದೂರದೂರದಿಂದ ಅರಸಿಕೊಂಡು ಬರುತ್ತಿದ್ದ ಮೇರಿಮಾತೆಯ ಪವಾಡದ ವಿಗ್ರಹ ಆ ಮಠದಲ್ಲಿತ್ತು. ಎಂಟನೆಯ ಹೆನ್ರಿಯ ಕಾಲದ ಮತಸುಧಾರಣೆಯಲ್ಲಿ, 1538ರಲ್ಲಿ, ಅದನ್ನು ಸುಟ್ಟುಹಾಕಿದರು.

ವಿಗ್ರಹ ಬೂದಿಯಾದರೂ ಜನರ ಬೇಡಿಕೆ ನಿಲ್ಲಲಿಲ್ಲ. ಹೊಳೆಗುಂಟ ಸ್ವಲ್ಪ ಕೆಳಕ್ಕೆ ನಡೆದರೆ, ನ್ಯೂಟೌನಿನ ಪಾಳುಗುಡಿಯಲ್ಲಿ, 16ನೆಯ ಶತಮಾನದ ಸರ್ ಲ್ಯೂಕ್ ಡಿಲನ್ ಮತ್ತು ಆತನ ಪತ್ನಿ ಜೇನ್ ಬಾತ್ ಇವರ ಶಿಲಾಪ್ರತಿಮೆಗಳು ನಡುವೆ ಕತ್ತಿಯೊಂದನ್ನಿಟ್ಟುಕೊಂಡು ಮಲಗಿವೆ; ಆ ಕತ್ತಿಯ ಕಾರಣದಿಂದಲೇ ಜನ ಅವರನ್ನು ಮತ್ಸರದ ಗಂಡಹೆಂಡಿರೆಂದು ಕರೆಯುವರು. ನರಹುಲಿಯಾದವರು ಗುಂಡುಸೂಜಿಯನ್ನು ನರಹುಲಿಗೆ ಉಜ್ಜಿ, ಪ್ರತಿಮೆಗಳ ನಡುವೆ ಮಳೆನೀರು ನಿಲ್ಲುವ ಎಡೆಯಲ್ಲಿ ಹಾಕಿ ಹೋಗುತ್ತಾರೆ. ಸೂಜಿ ತುಕ್ಕು ಹಿಡಿದು ಕರಗಿದಂತೆ ನರಹುಲಿಯೂ ಕರಗುವುದಂತೆ.