ಬಂಡವಾಳಕ್ಕೆ ತಂತಿ ಎಳೆದ ಸಂಸ್ಥಾನ

ಚಾಮರಾಜನಗರ, ಗುಂಡ್ಲುಪೇಟೆ, ಭೀಮನಬೀಡು ಮೊದಲಾದ ಊರುಗಳು ಮೈಸೂರು ಸಂಸ್ಥಾನದಲ್ಲಿದ್ದ ಕಾಲಕ್ಕೇ ವಿದೇಶಿ ಬಂಡವಾಳ ಈ ನಾಡಿಗೆ ಬಂದಿತ್ತು. ಕೋಲಾರದಲ್ಲಿ ಚಿನ್ನ ಅಗೆಯಲು 1873ರಲ್ಲಿ ಮೊದಲು ಅನುಮತಿ ಕೇಳಿದವನು ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ. ಅವನ ಕೈಯಲ್ಲಿ ಹಣವಿರಲಿಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಹೊಣೆ ಹೊತ್ತ ಮೇಲೆಯೇ ಗಣಿಗಳು ಚೇತರಿಸಿಕೊಂಡವು.

ಆಳಕ್ಕೆ ಇಳಿದಂತೆ ಯಂತ್ರಗಳಿಗೆ ಬೇಕಾದ ಉರುವಲಿನ ಖರ್ಚು ಏರಿತು. ಕಂಪನಿಗೆ ಬೇಕಾದದ್ದು ರಿಯಾಯಿತಿಗಿಂತ ಹೆಚ್ಚಾಗಿ ಅಗ್ಗದ ಶಕ್ತಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಇದನ್ನು ಸರಿಯಾಗಿ ಗ್ರಹಿಸಿದರು. ಎಂಜಿನಿಯರ್ ಜಾಲಿ ದ ಲಾಟ್‌ಬಿನಿಯರ್ ಯೋಜನೆಯಂತೆ ಸರ್ಕಾರವೇ ಶಿವನಸಮುದ್ರದಲ್ಲಿ ವಿದ್ಯುದಾಗಾರ ಕಟ್ಟಿತು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಗಳವು. ಗಣಿಗಳು ಕೊಳ್ಳುವ ಕರಾರು ಇದ್ದುದರಿಂದ ಖಜಾನೆಗೂ ಧೈರ್ಯ. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ವಿದ್ಯುತ್ ಹರಿಯಿತು; ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಗಣಿಯ ನಂತರ.

ಗಣಿಗಳು 1956ರಲ್ಲಿ ಸರ್ಕಾರದ ವಶವಾದವು. ಅಂದು ಸರ್ಕಾರ ಬಂಡವಾಳಕ್ಕೆ ವಿದ್ಯುತ್ ಒದಗಿಸಿದಂತೆ, ಇಂದು 1966ರ ಕಾಯ್ದೆಯಡಿ ಹುಟ್ಟಿದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಉದ್ಯಮಗಳಿಗೆ ಜಾಗ ಒದಗಿಸುತ್ತದೆ; 2002ರ ಕೈಗಾರಿಕಾ ಸೌಲಭ್ಯ ಕಾಯ್ದೆ ಏಕಗವಾಕ್ಷಿ ಅನುಮತಿಗೆ ಕಾನೂನಿನ ಬಲ ಕೊಟ್ಟಿತು. ಚಾಮರಾಜನಗರದ ಬಳಿಯ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಆ ಮಂಡಳಿಯದೇ.