ಕೂಟಶಾಸನದಿಂದ ಹಕ್ಕುವಿಮೆಯವರೆಗೆ

ಮನೆ ನಿಂತಿರುವುದು ಕಲ್ಲುಮಣ್ಣುಗಳ ಮೇಲಾದರೂ ಅದರ ಒಡೆತನ ನಿಂತಿರುವುದು ಬರೆಹದ ಮೇಲೆ. ಬರೆಹವಿರುವಲ್ಲಿ ಸುಳ್ಳು ಬರೆಹವೂ ಹುಟ್ಟುತ್ತದೆ. ಯಜಮಾನನ ಅರಿವಿಲ್ಲದೆ ಅವನ ಹೆಸರಿನಲ್ಲಿ ಕ್ರಯಪತ್ರವನ್ನು ಸೃಷ್ಟಿಸಿ, ಬೇರೊಬ್ಬನನ್ನು ಅವನೆಂದು ನಿಲ್ಲಿಸಿ, ಮನೆಯನ್ನು ಮಾರುವ ಅಥವಾ ಅಡವಿಡುವ ಮೋಸ ಇಂದಿನ ನಗರಗಳಿಗೆ ಅಪರಿಚಿತವಲ್ಲ. ಈ ಭಯವನ್ನೇ ಬಂಡವಾಳವಾಗಿಸಿಕೊಂಡು ಅಮೆರಿಕ ಮೊದಲಾದ ದೇಶಗಳಲ್ಲಿ ರಕ್ಷಣೆಯೂ ಒಂದು ಸರಕಾಗಿ ಮಾರಾಟವಾಗುತ್ತಿದೆ. ಅದು ಎರಡು ಬಗೆಯದು. ನಷ್ಟವಾದರೆ ತುಂಬಿಕೊಡುವುದಾಗಿ ವಚನವೀಯುವ ಹಕ್ಕುವಿಮೆ ಮೊದಲನೆಯದು. ದಾಖಲೆಗಳಲ್ಲಿ ಬದಲಾವಣೆ ಕಂಡಾಗ ಸುದ್ದಿ ಮುಟ್ಟಿಸುವ ಕಾವಲು ಎರಡನೆಯದು. ಮನೆಯೊಡೆಯನು ಇವುಗಳಿಗೆ ಹಣ ತೆರುವುದು ಅವಶ್ಯವೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಸುಳ್ಳು ಪತ್ರದಿಂದಾದ ನಷ್ಟವನ್ನು ಆಯಾ ಕಾಲದಲ್ಲಿ ಯಾರು ಹೊತ್ತರು ಎಂಬುದನ್ನು ಮೊದಲು ಪರಿಶೀಲಿಸಬೇಕು.

ನಮ್ಮ ದೇಶದಲ್ಲಿ ಈ ಮೋಸದ ಇತಿಹಾಸ ದೀರ್ಘವಾದುದು. ಧರ್ಮಶಾಸ್ತ್ರಕಾರರು ಇದಕ್ಕೆ ಕೂಟಶಾಸನವೆಂಬ ಹೆಸರನ್ನೇ ಇಟ್ಟಿದ್ದರು; ಕೂಟವೆಂದರೆ ಇಲ್ಲಿ ಕಪಟ. ಭೂದಾನ ಮಾಡಿದ ರಾಜನು ಮುಂದೆ ಬರುವ ಅರಸರಿಗೆ ತಿಳಿಯುವಂತೆ ಅದನ್ನು ಬಟ್ಟೆಯ ಮೇಲಾಗಲಿ ತಾಮ್ರಪಟದ ಮೇಲಾಗಲಿ ಬರೆಯಿಸಿ ಮುದ್ರೆಯೊತ್ತಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಅದೇ ಸ್ಮೃತಿಯು ಸುಳ್ಳು ಶಾಸನ ಮಾಡಿದವನಿಗೆ ಉತ್ತಮಸಾಹಸವೆಂಬ ಅತ್ಯಧಿಕ ದಂಡವನ್ನು ಹೇಳಿದರೆ, ಮನುಸ್ಮೃತಿಯು ವಧೆಯನ್ನೇ ಹೇಳುತ್ತದೆ. ಇವು ಗ್ರಂಥಕ್ಕೆ ಮಾತ್ರ ಸೀಮಿತವಾದ ಭಯಗಳಲ್ಲವೆಂಬುದಕ್ಕೆ ಹರ್ಷವರ್ಧನನ ಮಧುಬನ ತಾಮ್ರಶಾಸನವೇ ಸಾಕ್ಷಿ. ಹರ್ಷಶಕ ೨೫ರ, ಎಂದರೆ ಕ್ರಿ.ಶ. ೬೩೧ರ ಸುಮಾರಿನ ಈ ಶಾಸನದಿಂದ, ಸೋಮಕುಂಡಕವೆಂಬ ಗ್ರಾಮವನ್ನು ವಾಮರಥ್ಯನೆಂಬವನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನೆಂದೂ, ಅರಸನು ಆ ಶಾಸನವನ್ನು ಮುರಿಸಿ ಗ್ರಾಮವನ್ನು ಬೇರೆ ಇಬ್ಬರಿಗೆ ದತ್ತಿ ಕೊಟ್ಟನೆಂದೂ ತಿಳಿದುಬರುತ್ತದೆ. ಕನ್ನಡ ನಾಡಿನ ತಾಮ್ರಪಟಗಳೂ ಈ ಸಂದೇಹದಿಂದ ಹೊರತಲ್ಲ. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೃತಕವೆಂದು ಫ್ಲೀಟರು ವಾದಿಸಿದರು. ರೈಸರು ಅದನ್ನು ಒಪ್ಪಲಿಲ್ಲ. ಆ ವಾದವು ಶಾಸನಾಧ್ಯಯನದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಪತ್ರವೊಂದನ್ನೇ ನಂಬಿದರೆ ಅಪಾಯವೆಂದು ಅರಿತೇ ಶಾಸ್ತ್ರಕಾರರು ಲಿಖಿತ, ಸಾಕ್ಷಿ, ಭುಕ್ತಿ ಎಂಬ ಮೂರನ್ನೂ ಪ್ರಮಾಣವೆಂದು ಗಣಿಸಿದರು. ಭುಕ್ತಿಯೆಂದರೆ ಅನುಭವ, ಎಂದರೆ ಸ್ವಾಧೀನ. ತನ್ನ ಭೂಮಿಯನ್ನು ಪರನು ಅನುಭವಿಸುತ್ತಿರುವುದನ್ನು ಕಂಡೂ ಮಾತಾಡದೆ ೨೦ ವರ್ಷ ಸುಮ್ಮನಿದ್ದವನಿಗೆ ಹಾನಿಯೆಂದು ಯಾಜ್ಞವಲ್ಕ್ಯನು ಹೇಳಿದ್ದಾನೆ. ಈ ಹಾನಿ ಯಾವುದರ ಹಾನಿ? ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಇಲ್ಲಿ ಸೂಕ್ಷ್ಮವಾದ ಭೇದವೊಂದನ್ನು ಮಾಡಿದನು. ನಷ್ಟವಾಗುವುದು ಸ್ವಾಮ್ಯವಲ್ಲ, ಅದರ ಫಲ ಎಂದು ಅವನ ನಿರ್ಣಯ. ಒಡೆತನವು ಕಳ್ಳನ ಪಾಲಾಗುವುದಿಲ್ಲ. ಆದರೆ ಸುಮ್ಮನಿದ್ದ ಒಡೆಯನು ಆ ಕಾಲದ ಉತ್ಪನ್ನವನ್ನು ಕಳೆದುಕೊಳ್ಳುತ್ತಾನೆ. ಅದೂ ಕಂಡು ಸುಮ್ಮನಿದ್ದವನಿಗೆ ಮಾತ್ರ; ದೂರದಲ್ಲಿದ್ದು ಕಾಣದವನಿಗೆ ಅಲ್ಲ. ಈ ಭೇದವು ಇಂದಿನ ಪ್ರಶ್ನೆಗೂ ದಾರಿದೀಪವಾಗುವಂತಹುದು.

ರಕ್ಷಣೆಯನ್ನು ಹಣಕ್ಕೆ ಕೊಳ್ಳುವ ಪದ್ಧತಿ ಹುಟ್ಟಿದುದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ. ಅಲ್ಲಿ ಪತ್ರಗಳನ್ನು ಸರಕಾರದ ಕಚೇರಿಯಲ್ಲಿ ದಾಖಲಿಸುತ್ತಿದ್ದರೇ ಹೊರತು ಸರಕಾರವು ಹಕ್ಕಿಗೆ ಹೊಣೆಯಾಗುತ್ತಿರಲಿಲ್ಲ. ಕೊಳ್ಳುವವನು ಪತ್ರಪರಿಶೋಧಕನಿಗೆ ಹಣ ಕೊಟ್ಟು ಹಿಂದಿನ ದಾಖಲೆಗಳನ್ನು ನೋಡಿಸುತ್ತಿದ್ದನು. ವಾಟ್ಸನ್ ಎಂಬ ಖರೀದಿದಾರನ ಪರವಾಗಿ ಶೋಧಿಸಿದ ಮುಯಿರ್‌ಹೆಡ್ ಎಂಬವನಿಗೆ ಆ ಆಸ್ತಿಯ ಮೇಲಿನ ತೀರ್ಪುಗಳು ಕಂಡವು. ವಕೀಲರ ಅಭಿಪ್ರಾಯವನ್ನು ನಂಬಿ ಅವು ಋಣಭಾರವಲ್ಲವೆಂದು ಭಾವಿಸಿದನು. ಆ ಎಣಿಕೆ ತಪ್ಪಾಯಿತು, ಖರೀದಿದಾರನಿಗೆ ನಷ್ಟವಾಯಿತು. ೧೮೬೮ರಲ್ಲಿ ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯವು, ಪರಿಶೋಧಕನು ಅಜಾಗರೂಕನಾಗಿರಲಿಲ್ಲವಾದುದರಿಂದ ಹೊಣೆಗಾರನಲ್ಲವೆಂದು ತೀರ್ಮಾನಿಸಿತು. ಎಲ್ಲರೂ ಜಾಗರೂಕರಾಗಿದ್ದರೂ ನಷ್ಟವು ಕೊಂಡವನ ತಲೆಗೇ ಬರುವುದೆಂದು ಸ್ಪಷ್ಟವಾಯಿತು. ಆ ತೆರವನ್ನು ತುಂಬಲು ೧೮೭೪ರಲ್ಲಿ ಅಲ್ಲಿ ಶಾಸನವಾಯಿತು; ೧೮೭೬ರಲ್ಲಿ ಮೊದಲ ಹಕ್ಕುವಿಮಾ ಸಂಸ್ಥೆ ಸ್ಥಾಪಿತವಾಯಿತು.

ಈ ವಿಮೆಗೂ ಜೀವವಿಮೆಗೂ ದೊಡ್ಡ ಅಂತರವಿದೆ. ಜೀವವಿಮೆ ಮುಂದೆ ಬರುವುದನ್ನು ಕುರಿತದ್ದು. ಹಕ್ಕುವಿಮೆ ಮುಖ್ಯವಾಗಿ ಹಿಂದೆ ಆಗಿಹೋದುದನ್ನು ಕುರಿತದ್ದು. ಕೊಳ್ಳುವ ದಿನ ಒಮ್ಮೆ ಹಣ ಕಟ್ಟಿದರೆ ಆ ದಿನದವರೆಗೆ ಹಕ್ಕಿನಲ್ಲಿ ಅಡಗಿದ್ದ ದೋಷಗಳಿಗೆ ಸಂಸ್ಥೆಯು ಉತ್ತರವಾದಿ. ಸಾಮಾನ್ಯ ವಿಮಾಪತ್ರವು ಅನಂತರ ಹುಟ್ಟುವ ಸುಳ್ಳು ಪತ್ರಗಳಿಗೆ ಅನ್ವಯಿಸುವುದಿಲ್ಲ. ಅದಕ್ಕೆ ಹೆಚ್ಚು ವ್ಯಾಪ್ತಿಯ ಬೇರೆ ವಿಮಾಪತ್ರ ಬೇಕು. ಆದುದರಿಂದ ಇದು ಮೂಲತಃ ಕೊಳ್ಳುವವನ ಮತ್ತು ಸಾಲ ಕೊಡುವವನ ರಕ್ಷಣೆಯೇ ಹೊರತು ನೆಮ್ಮದಿಯಾಗಿ ಮನೆಯಲ್ಲಿರುವ ಒಡೆಯನದಲ್ಲ.

ಇದಕ್ಕಿಂತ ಹಿಂದೆಯೇ, ೧೮೫೮ರಲ್ಲಿ, ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟೊರೆನ್ಸ್ ಎಂಬಾತನು ಬೇರೊಂದು ಮಾರ್ಗವನ್ನು ಜಾರಿಗೆ ತಂದಿದ್ದನು. ಅವನು ಸುಂಕದ ಇಲಾಖೆಯಲ್ಲಿದ್ದವನು. ಹಡಗುಗಳ ಒಡೆತನವನ್ನು ಪುಸ್ತಕದಲ್ಲಿ ನಮೂದಿಸುವ ಕ್ರಮವನ್ನು ಬಲ್ಲವನು. ಪತ್ರಗಳನ್ನು ದಾಖಲಿಸುವ ಬದಲು ಹಕ್ಕನ್ನೇ ದಾಖಲಿಸಬೇಕು, ಸರಕಾರದ ಪುಸ್ತಕದಲ್ಲಿ ಹೆಸರಿರುವವನೇ ಒಡೆಯನೆಂದಾಗಬೇಕು, ಇದರಿಂದ ನಿರಪರಾಧಿಗೆ ನಷ್ಟವಾದರೆ ಎಲ್ಲರ ಶುಲ್ಕದಿಂದ ಕೂಡಿದ ಭರವಸೆಯ ನಿಧಿಯಿಂದ ಪರಿಹಾರ ಕೊಡಬೇಕು ಎಂಬುದು ಅವನ ತತ್ತ್ವ.

ಈ ಪದ್ಧತಿಯೂ ಮೋಸಗಾರರಿಂದ ಪಾರಾಗಲಿಲ್ಲ. ವಿಕ್ಟೋರಿಯ ಪ್ರಾಂತದ ಶ್ರೀಮತಿ ಮೆಸ್ಸರ್ ಎಂಬಾಕೆ ತನ್ನ ಹಕ್ಕುಪತ್ರಗಳನ್ನು ವಕೀಲನೊಬ್ಬನ ಬಳಿ ಇರಿಸಿ ಸ್ಕಾಟ್ಲೆಂಡಿಗೆ ಹೋಗಿದ್ದಳು. ಆ ವಕೀಲನು ಸುಳ್ಳು ವರ್ಗಾವಣೆ ಬರೆದು, ಹುಟ್ಟಿಯೇ ಇರದ ಒಬ್ಬ ವ್ಯಕ್ತಿಯ ಹೆಸರಿಗೆ ಭೂಮಿಯನ್ನು ದಾಖಲಿಸಿ, ಆ ಹೆಸರಿನಲ್ಲಿ ೩೦೦೦ ಪೌಂಡು ಸಾಲವೆತ್ತಿ ಪರಾರಿಯಾದನು. ೧೮೯೧ರಲ್ಲಿ ಪ್ರೀವಿ ಕೌನ್ಸಿಲ್, ಇಲ್ಲದ ಮನುಷ್ಯನಿಂದ ಪಡೆದ ಅಡಮಾನ ಅಡಮಾನವೇ ಅಲ್ಲವೆಂದು ಆಕೆಯ ಭೂಮಿಯನ್ನು ಋಣಮುಕ್ತಗೊಳಿಸಿತು. ಆದರೆ ೧೯೬೭ರಲ್ಲಿ ಅದೇ ಪೀಠದ ಮುಂದೆ ಬಂದ ನ್ಯೂಜಿಲೆಂಡಿನ ಮೊಕದ್ದಮೆಯಲ್ಲಿ ಫಲ ಬೇರೆಯಾಯಿತು. ಫ್ರೇಜರ್ ಎಂಬವನ ಸಹಿಯನ್ನು ಅವನ ಹೆಂಡತಿಯೇ ಕೃತಕವಾಗಿ ಮಾಡಿ ಮನೆಯನ್ನು ಅಡವಿಟ್ಟಿದ್ದಳು. ಸಾಲ ಕೊಟ್ಟವರು ಮನೆಯನ್ನು ಮಾರಿದರು. ನಿರ್ವಂಚನೆಯಿಂದ ಪುಸ್ತಕದಲ್ಲಿ ಹೆಸರು ಪಡೆದವರ ಹಕ್ಕು ಅಚಲವೆಂದು ನಿರ್ಣಯವಾಗಿ, ಗಂಡನು ಮನೆಯನ್ನು ಕಳೆದುಕೊಂಡನು. ಪುಸ್ತಕವೇ ಪ್ರಮಾಣವಾದಲ್ಲಿ ಪುಸ್ತಕದಲ್ಲಿ ನುಸುಳಿದ ಸುಳ್ಳೂ ಸತ್ಯದ ಬಲವನ್ನು ಪಡೆಯಬಲ್ಲುದು. ಅದಕ್ಕಾಗಿಯೇ ಅಲ್ಲಿ ನಿಧಿ ಅನಿವಾರ್ಯ.

ಇಂಗ್ಲೆಂಡಿನಲ್ಲಿಯೂ ೧೯೨೫ ಮತ್ತು ೨೦೦೨ರ ಭೂನೋಂದಣಿ ಕಾಯಿದೆಗಳು ದಾಖಲೆಯ ತಪ್ಪಿನಿಂದ ನಷ್ಟ ಹೊಂದಿದವನಿಗೆ ಪರಿಹಾರವನ್ನು ವಿಧಿಸಿವೆ. ಅಷ್ಟೇ ಅಲ್ಲದೆ, ೧೦ ಆಸ್ತಿಗಳವರೆಗೆ ಯಾವುದೇ ಅರ್ಜಿ ಬಂದರೆ ಸುದ್ದಿ ತಿಳಿಸುವ ಕಾವಲನ್ನು ಅಲ್ಲಿಯ ಭೂನೋಂದಣಿ ಕಚೇರಿಯೇ ಹಣವಿಲ್ಲದೆ ನಡೆಸುತ್ತದೆ. ಮನೆಯಲ್ಲಿ ವಾಸವಿಲ್ಲದ ಒಡೆಯನು, ವಕೀಲನ ದೃಢೀಕರಣವಿಲ್ಲದೆ ವರ್ಗಾವಣೆ ಆಗಕೂಡದೆಂಬ ನಿರ್ಬಂಧವನ್ನು ಶುಲ್ಕವಿಲ್ಲದೆ ಬರೆಯಿಸಬಹುದು. ಅಮೆರಿಕದ ಎಷ್ಟೋ ಜಿಲ್ಲೆಗಳ ದಾಖಲೆ ಕಚೇರಿಗಳೂ ಉಚಿತವಾಗಿ ಎಚ್ಚರಿಕೆ ಕಳುಹಿಸುತ್ತವೆ. ಖಾಸಗಿ ಕಾವಲುಗಾರರು ಮಾರುವುದು ಬಹುತೇಕ ಇದೇ ಸುದ್ದಿಯನ್ನೇ. ಅವರು ಸುಳ್ಳು ಪತ್ರವನ್ನು ತಡೆಯಲಾರರು; ದಾಖಲಾದ ಮೇಲೆ ತಿಳಿಸಬಲ್ಲರು. ಬೀಗವೆಂದು ಹೆಸರಿಟ್ಟ ಮಾತ್ರಕ್ಕೆ ಗಂಟೆಯು ಬೀಗವಾಗದು.

ಇನ್ನು ಭಾರತದ ಸ್ಥಿತಿ. ೧೯೦೮ರ ನೋಂದಣಿ ಕಾಯಿದೆಯು ಪತ್ರವನ್ನು ನೋಂದಾಯಿಸುತ್ತದೆ, ಹಕ್ಕನ್ನಲ್ಲ. ಬರೆದುಕೊಟ್ಟವನು ತಾನೇ ಬರೆದುಕೊಟ್ಟೆನೆಂದು ಒಪ್ಪಿದನೇ, ಅವನು ಅವನೇ ಅಹುದೇ ಎಂಬುದನ್ನು ಸಬ್ ರಿಜಿಸ್ಟ್ರಾರರು ವಿಚಾರಿಸುತ್ತಾರೆ; ಆ ಮನೆ ಅವನದೇ ಎಂಬುದಕ್ಕೆ ಹೊಣೆಯಾಗುವುದಿಲ್ಲ. ೨೦೦೧ರ ತಿದ್ದುಪಡಿಯಿಂದ ಭಾವಚಿತ್ರ ಮತ್ತು ಬೆರಳಚ್ಚು ಕಡ್ಡಾಯವಾದುದು ವೇಷಧಾರಿಗಳನ್ನು ತಡೆಯುವುದಕ್ಕಾಗಿ. ಇಲ್ಲಿ ಟೊರೆನ್ಸನ ಅಚಲತ್ವವಿಲ್ಲದಿರುವುದೇ ಒಂದು ಬಗೆಯಲ್ಲಿ ಒಡೆಯನಿಗೆ ಆಸರೆ. ಕೃತಕ ಸಹಿಯ ಕ್ರಯಪತ್ರವು ನೋಂದಣಿಯಾದರೂ ಹಕ್ಕನ್ನು ವರ್ಗಾಯಿಸದು. ತನ್ನದಲ್ಲದುದನ್ನು ಮಾರಿದವನಿಂದ ಕೊಂಡವನಿಗೆ ಏನೂ ದಕ್ಕದು. ಹೀಗಾಗಿ ಸ್ವಾಮ್ಯವು ಉಳಿಯುತ್ತದೆ, ಕಳೆಯುವುದು ಫಲ. ನ್ಯಾಯಾಲಯದ ವರ್ಷಗಳು, ವಕೀಲರ ವೆಚ್ಚ, ಮಾರಲೂ ಅಡವಿಡಲೂ ಆಗದೆ ನಿಂತ ಮನೆ — ಇವೇ ಇಂದಿನ ಫಲಹಾನಿ. ಸುಳ್ಳು ಪತ್ರವನ್ನು ರದ್ದುಗೊಳಿಸಲು ೧೯೬೩ರ ಅವಧಿ ಕಾಯಿದೆಯು ವಿಷಯ ತಿಳಿದ ಮೇಲೆ ೩ ವರ್ಷಗಳನ್ನು ಕೊಟ್ಟಿದೆ. ಪರನು ಪ್ರತಿಕೂಲವಾಗಿ ಸ್ವಾಧೀನದಲ್ಲಿದ್ದರೆ ೧೨ ವರ್ಷಗಳಾದ ಮೇಲೆ ಸ್ವಾಮ್ಯಕ್ಕೇ ಸಂಚಕಾರ. ಈ ಒಂದಂಶದಲ್ಲಿ ಆಧುನಿಕ ಕಾನೂನು ವಿಜ್ಞಾನೇಶ್ವರನಿಗಿಂತ ಕಠಿನವಾದುದು.

ಹಕ್ಕುವಿಮೆಯ ಮಾತು ನಮ್ಮಲ್ಲಿ ಬಂದುದು ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯ ೧೬ನೆಯ ಕಲಮಿನಿಂದ. ಸರಕಾರವು ಅಧಿಸೂಚಿಸಿದಂತೆ ಭೂಮಿಯ ಹಕ್ಕಿಗೆ ವಿಮೆ ಮಾಡಿಸಿ ಅದರ ಕಂತನ್ನು ತೆರಬೇಕಾದ ಹೊಣೆಯನ್ನು ಆ ಕಲಮು ಕಟ್ಟಡ ನಿರ್ಮಾಪಕನ ಮೇಲೆ ಹೊರಿಸಿದೆಯೇ ಹೊರತು ಮನೆಯೊಡೆಯನ ಮೇಲಲ್ಲ. ಇದು ನ್ಯಾಯವಾದುದೇ. ಹೊಸದಾಗಿ ಕೊಳ್ಳುವವನಿಗೆ ವಿಮೆಯಿಂದ ಪ್ರಯೋಜನವುಂಟು. ಆದರೆ ತಂದೆಯ ಕಾಲದಿಂದ ಸ್ವಾಧೀನದಲ್ಲಿರುವ ಮನೆಗೆ ವರ್ಷವರ್ಷವೂ ಹಣ ತೆತ್ತು ಕಾವಲನ್ನು ಕೊಳ್ಳುವ ಅಗತ್ಯ ಕಾಣುವುದಿಲ್ಲ. ಏಕೆಂದರೆ ಕಾವಲಿಗೆ ಬೇಕಾದ ಪುಸ್ತಕಗಳು ಸಾರ್ವಜನಿಕವಾದವು. ಸ್ಥಿರಾಸ್ತಿಯ ನೋಂದಣಿ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದೆಂದು ನೋಂದಣಿ ಕಾಯಿದೆಯ ೫೭ನೆಯ ಕಲಮೇ ಹೇಳುತ್ತದೆ. ಅಲ್ಪ ಶುಲ್ಕಕ್ಕೆ ಋಣಭಾರ ಪತ್ರ ದೊರೆಯುತ್ತದೆ. ಹಕ್ಕುಪತ್ರಗಳನ್ನು ಒತ್ತೆಯಿಟ್ಟು ಪಡೆದ ಸಾಲ ಅದರಲ್ಲಿ ಕಾಣದೆ ಇರಬಹುದು. ಅಂತಹ ಅಡಮಾನಗಳನ್ನು ನಮೂದಿಸಲು ೨೦೧೧ರಲ್ಲಿ ಕೇಂದ್ರ ದಾಖಲೆಯೊಂದು ಆರಂಭವಾಗಿದೆ. ಅದನ್ನೂ ಯಾರು ಬೇಕಾದರೂ ಶೋಧಿಸಬಹುದು.

ಈ ವಿಚಾರ ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದುದು. ಮೋಸಗಾರನು ಹುಡುಕುವುದು ಬೀಗ ಹಾಕಿದ ಮನೆಯನ್ನು, ತೀರಿಹೋದವರ ಹೆಸರಿನಲ್ಲಿಯೇ ಉಳಿದ ಖಾತೆಯನ್ನು, ದೂರದಲ್ಲಿರುವ ಒಡೆಯನನ್ನು. ಮುಂಬಯಿಯಲ್ಲಿ ಸಂಸಾರ, ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ಹಿರಿಯರ ಮನೆ ಎಂಬ ಸ್ಥಿತಿಯಲ್ಲಿರುವವರು ಎಷ್ಟೋ ಮಂದಿ. ಹಿರಿಯರು ತೀರಿಕೊಂಡೊಡನೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು, ಕಂದಾಯವನ್ನು ತಪ್ಪದೆ ಕಟ್ಟಿ ರಸೀದಿ ಇಡುವುದು, ಬಾಡಿಗೆಯವನಿಂದ ಕರಾರುಪತ್ರ ಪಡೆಯುವುದು, ಮೂಲಪತ್ರಗಳನ್ನು ಪರರ ಕೈಯಲ್ಲಿ ಬಿಡದಿರುವುದು, ಮಾರುವ ಅಧಿಕಾರವಿರುವ ಮುಖ್ತ್ಯಾರನಾಮೆಯನ್ನು ಸ್ನೇಹಕ್ಕಾಗಿ ಬರೆದುಕೊಡದಿರುವುದು, ವರ್ಷಕ್ಕೊಮ್ಮೆ ಋಣಭಾರ ಪತ್ರವನ್ನು ತರಿಸಿ ಓದುವುದು — ಇಷ್ಟು ನಡೆದರೆ ಕೊಂಡುತಂದ ಕಾವಲಿನ ಕೆಲಸವೆಲ್ಲ ನಡೆದಂತೆಯೇ.

ಆದರೂ ಒಂದು ಮಾತು ಉಳಿಯುತ್ತದೆ. ಎಷ್ಟೇ ಎಚ್ಚರವಿದ್ದರೂ ಮೋಸಹೋದವನ ಫಲಹಾನಿಯನ್ನು ಇಂದು ಅವನೊಬ್ಬನೇ ಹೊರುತ್ತಿದ್ದಾನೆ. ನೋಂದಣಿಯ ಶುಲ್ಕವನ್ನು ಸರಕಾರವೇ ಪಡೆಯುವಾಗ, ತನ್ನ ಕಚೇರಿಯ ಮುದ್ರೆಯೊಡನೆ ಹೊರಬಿದ್ದ ಸುಳ್ಳಿನ ನಷ್ಟದಲ್ಲಿ ಪಾಲು ಹೊರುವುದೂ ಅದರ ಧರ್ಮ. ಟೊರೆನ್ಸನ ನಿಧಿಯ ತತ್ತ್ವ ಅದೇ. ಹರ್ಷನು ಕೂಟಶಾಸನವನ್ನು ತಾನೇ ಮುರಿಸಿದುದರ ಅರ್ಥವೂ ಅದೇ. ಅಂತಹ ಭರವಸೆಯನ್ನು ಒಡೆಯನು ಕೇಳಬೇಕಾದುದು ಅಂಗಡಿಯಲ್ಲಲ್ಲ, ಶಾಸನಸಭೆಯಲ್ಲಿ.